ಇಲ್ಲದ ನಾಡಿನ ಮೋಜಣಿ

ಥಾಣೆಯಿಂದ ಕಲ್ಯಾಣದ ಕಡೆ ಹೊರಟ ಸ್ಲೋ ಲೋಕಲಿಗೆ ಮೊದಲ ನಿಲ್ದಾಣ ಕಳವಾ. ನಡುವೆ ಇರುವುದು ಖಾಡಿ, ಖಾಡಿಯ ಮೇಲೊಂದು ಸೇತುವೆ. ದೂರ ಎರಡು ಕಿಲೋಮೀಟರಿನ ಆಸುಪಾಸು. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಬಂದು ಥಾಣೆಯಲ್ಲಿ ನಿಂತಿತು. ಖಾಡಿ ದಾಟಿ ಕಲ್ಯಾಣ ಮುಟ್ಟಲು ಇನ್ನೊಂದು ವರ್ಷ ಹಿಡಿಯಿತು. ಕಳವಾದ ಬೆನ್ನಿಗೆ ಪಾರ್ಸಿಕ್ ಗುಡ್ಡ. ಅದರ ಹೊಟ್ಟೆಯಲ್ಲಿ 1916ರಲ್ಲಿ ತೆರೆದ ಸುರಂಗ. ಗುಡ್ಡದ ಆಚೆ ಮುಂಬ್ರಾ, ದಿವಾ, ಆಮೇಲೆ ಡೊಂಬಿವಲಿ.

ಈ ನೆಲದ ಮೇಲೆ ಜೇನಿನ ಎರಿಯಂಥ ಒಂದು ಜಾಲ ಹಾಸಿದರೆ ಹೇಗಿರುತ್ತದೆ? ಜಾಲದ ಒಂದೊಂದು ಮನೆಗೂ ಆರು ಮೂಲೆ. ಈ ಬದಿಯಿಂದ ಎದುರು ಬದಿಗೆ ಆರು ಮೈಲಿ, ಅಂದರೆ 9.7 ಕಿಲೋಮೀಟರ್ ಅಗಲ. ಒಳಗೆ ಸುಮಾರು 81 ಚದರ ಕಿಲೋಮೀಟರ್ ನೆಲ ಹಿಡಿಯುತ್ತದೆ. ಜಾಲವನ್ನು ಸರಿಯಾಗಿ ಕೂರಿಸಿದರೆ ಥಾಣೆ, ಕಳವಾ ಎರಡೂ ಒಂದೇ ಮನೆಗೆ ಬೀಳುತ್ತವೆ. ಡೊಂಬಿವಲಿ ಪಕ್ಕದ ಮನೆಗೆ, ಕಲ್ಯಾಣ ಅದರಾಚೆಯದಕ್ಕೆ. ಕಷ್ಟ ಶುರುವಾಗುವುದು ಇಲ್ಲಿ. ಒಂದು ಮನೆಗೆ ಒಂದೇ ಚಿಹ್ನೆ ಎಂಬುದು ಈ ಬಗೆಯ ನಕ್ಷೆಯ ನಿಯಮ. ಖಾಡಿಯ ನೀರು, ದಂಡೆಯ ಕಾಂಡ್ಲಾ ಕಾಡು, ಪಾರ್ಸಿಕ್ ಗುಡ್ಡ, ಒತ್ತಿಕೊಂಡು ಬೆಳೆದ ಪೇಟೆ ಎಲ್ಲವೂ ಆ ಒಂದೇ ಮನೆಯಲ್ಲಿವೆ. ಬರೆಯುವವನು ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ಜಾಲವನ್ನು 24 ಮೈಲಿಗೆ ಹಿಗ್ಗಿಸಿದರೆ ಥಾಣೆಯಿಂದ ಕಲ್ಯಾಣದವರೆಗಿನ ಊರುಗಳು, ಜೊತೆಗೆ ನವಿ ಮುಂಬಯಿ, ಎಲ್ಲಾ ಒಂದೇ ಮನೆಯೊಳಗೆ ಅಡಗಬಹುದು. ಆಗ ಕಳವಾ ಎಂಬ ಹೆಸರಿಗೆ ಅಲ್ಲಿ ಜಾಗವೇ ಇರುವುದಿಲ್ಲ.

ಎಲ್ಲೂ ಇಲ್ಲದ ಒಂದು ನಾಡಿನ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಹಲವು ದೇಶಗಳ ಜನ ದಶಕಗಳಿಂದ ತಲೆಗೆ ಹಚ್ಚಿಕೊಂಡಿದ್ದಾರೆ. ಆ ನಾಡಿನ ಹೆಸರು ಮಿಸ್ಟಾರಾ. ಅದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟಕ್ಕಾಗಿ ಹುಟ್ಟಿದ ಲೋಕ. ಅದನ್ನು ಮಾರುತ್ತಿದ್ದ ಕಂಪನಿ ಕೈಬಿಟ್ಟು ಕಾಲು ಶತಮಾನ ದಾಟಿದೆ. ನಾಡು ಮಾತ್ರ ಉಳಿದಿದೆ, ದಿನೇ ದಿನೇ ಇನ್ನಷ್ಟು ನಿಖರವಾಗುತ್ತಿದೆ. ಉಳಿಸಿಕೊಂಡವರು ಆಟಗಾರರು, ಉಳಿಸಿಕೊಂಡ ಬಗೆ ನಕ್ಷೆ ಬರೆಯುವುದು.

ಆರು ಮೂಲೆ ಯಾಕೆ?

ಚದುರಂಗಕ್ಕೂ ಚೌಕಾಬಾರಕ್ಕೂ ನಾಲ್ಕು ಮೂಲೆಯ ಮನೆ ಸಾಕು. ಅಲ್ಲಿ ದೂರ ಎಂಬುದು ಬರೀ ಎಣಿಕೆ. ನಿಜವಾದ ನೆಲದ ಮೇಲೆ ಸೈನ್ಯ ನಡೆಸುವ ಆಟಕ್ಕೆ ಅದು ಹೊಂದುವುದಿಲ್ಲ. ಚೌಕದಲ್ಲಿ ಪಕ್ಕದ ಮನೆಗೆ ಹೋದರೆ ಒಂದು ಅಳತೆ, ಮೂಲೆಯ ಮನೆಗೆ ಹೋದರೆ 1.41 ಅಳತೆ. ಅಡ್ಡಡ್ಡ ಹೋಗುವ ಸೈನಿಕ ಪುಕ್ಕಟೆಯಾಗಿ ದೂರ ಗೆದ್ದುಬಿಡುತ್ತಾನೆ. ಷಟ್ಕೋನಕ್ಕೆ ಆ ದೋಷವಿಲ್ಲ. ಸುತ್ತಲಿನ ಆರೂ ಮನೆಗಳು ಸಮದೂರದಲ್ಲಿರುತ್ತವೆ. ಎತ್ತ ತಿರುಗಿದರೂ ಒಂದು ಹೆಜ್ಜೆ ಒಂದೇ ಹೆಜ್ಜೆ.

ಅಮೆರಿಕದ ಚಾರ್ಲ್ಸ್ ಎಸ್. ರಾಬರ್ಟ್ಸ್ 1950ರ ದಶಕದಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಯುದ್ಧದಾಟವನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿದ್ದದ್ದು ಚೌಕಗಳೇ. ಅವರ ಅವಲಾನ್ ಹಿಲ್ ಕಂಪನಿ 1961ರ ಹೊತ್ತಿಗೆ ಷಟ್ಕೋನಕ್ಕೆ ಹೊರಳಿತು. ಯುದ್ಧತಂತ್ರದ ಅಧ್ಯಯನ ಮಾಡುತ್ತಿದ್ದ ರ‍್ಯಾಂಡ್ ಕಾರ್ಪೊರೇಷನ್ನಿನಲ್ಲಿ ಅಂಥ ಜಾಲ ಆಗಲೇ ಬಳಕೆಯಲ್ಲಿತ್ತು. ಇದೇ ಅವಲಾನ್ ಹಿಲ್ 1972ರಲ್ಲಿ ‘ಔಟ್‌ಡೋರ್ ಸರ್ವೈವಲ್’ ಎಂಬ ಇನ್ನೊಂದು ಆಟ ತಂದಿತು. ಕಾಡಿನಲ್ಲಿ ದಾರಿ ತಪ್ಪಿದವನು ಹಸಿವು ಬಾಯಾರಿಕೆ ತಡೆದುಕೊಂಡು ಹೊರಬರುವ ಆಟ ಅದು. ಅದರ ಹಲಗೆಯ ತುಂಬ ಷಟ್ಕೋನ. ಒಂದೊಂದರಲ್ಲೂ ಕಾಡು, ಗುಡ್ಡ, ಜೌಗು, ನದಿ.

ಎರಡು ವರ್ಷದ ನಂತರ, 1974ರಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸಿದರು. ಮೇಜಿನ ಸುತ್ತ ಕೂತವರು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬ ಮಾತ್ರ ಕತೆ ನಡೆಸುತ್ತಾನೆ: ಎದುರಿಗೆ ಏನಿದೆ, ಯಾರಿದ್ದಾರೆ ಎಂದು ಹೇಳುವುದು ಅವನ ಪಾಳಿ. ಗೆಲುವು ಸೋಲು ದಾಳದ ಕೈಯಲ್ಲಿ. ನೆಲಮಾಳಿಗೆಯಿಂದ ಹೊರಬಂದು ಬಯಲಿನಲ್ಲಿ ಸಂಚರಿಸಬೇಕಾದಾಗ ಏನು ಮಾಡುವುದು? ಮೊದಲ ನಿಯಮ ಪುಸ್ತಕ ಅದಕ್ಕೆ ‘ಔಟ್‌ಡೋರ್ ಸರ್ವೈವಲ್’ ಹಲಗೆಯನ್ನೇ ಬಳಸಿಕೊಳ್ಳಿ ಎಂದಿತು. ಒಂದು ಮನೆಗೆ ಐದು ಮೈಲಿ ಲೆಕ್ಕ. ಬೇರೆ ಆಟದ ಹಲಗೆಯನ್ನು ಕಡ ತಂದು ಶುರುವಾದ ಅಭ್ಯಾಸ ಈ ಆಟದ ರೂಢಿಯೇ ಆಗಿಹೋಯಿತು.

ಮುಂದೆ ಬಂದ ಅಳತೆಗಳಲ್ಲಿ ಎರಡು ಗಟ್ಟಿಯಾಗಿ ನಿಂತವು. ಒಂದು ಆರು ಮೈಲಿಯದು. ಆರು ಮೈಲಿ ಅಗಲದ ಮನೆಯ ನಟ್ಟನಡುವೆ ನಿಂತರೆ ಅಂಚಿಗೆ ಮೂರು ಮೈಲಿ. ಬಯಲಿನಲ್ಲಿ ನಿಂತ ಮನುಷ್ಯನಿಗೆ ದಿಗಂತ ಕಾಣುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಅಂದರೆ ಒಂದು ಮನೆ ಎಂದರೆ ಕಣ್ಣು ನಿಲುಕುವಷ್ಟು ನೆಲ. ಇನ್ನೊಂದು 24 ಮೈಲಿಯದು. ಹೆಚ್ಚು ಹೊರೆಯಿಲ್ಲದ ಆಳು ದಿನಕ್ಕೆ 24 ಮೈಲಿ ನಡೆಯುತ್ತಾನೆ ಎನ್ನುತ್ತದೆ ಆಟದ ನಿಯಮ. ಒಂದು ಮನೆ ಎಂದರೆ ಒಂದು ದಿನದ ನಡಿಗೆ. ಹರದಾರಿ ಎಂದರೆ ಸುಮಾರು ಮೂರು ಮೈಲಿ, ಗಾವುದ ಎಂದರೆ ನಾಲ್ಕು ಹರದಾರಿ ಎಂದು ಎಣಿಸುತ್ತಿದ್ದ ಕನ್ನಡಿಗರಿಗೆ ಇದು ಹೊಸ ಲೆಕ್ಕವೇನಲ್ಲ. ಸಣ್ಣ ಮನೆ ಎರಡು ಹರದಾರಿ, ದೊಡ್ಡ ಮನೆ ಎರಡು ಗಾವುದ.

ಖಾಲಿ ಬಿಟ್ಟ ಮನೆಗಳು

1977ರಲ್ಲಿ ಜಡ್ಜಸ್ ಗಿಲ್ಡ್ ಎಂಬ ಸಂಸ್ಥೆ ‘ವೈಲ್ಡರ್‌ಲ್ಯಾಂಡ್ಸ್ ಆಫ್ ಹೈ ಫ್ಯಾಂಟಸಿ’ ಎಂಬ ನಕ್ಷೆಗಳ ಕಟ್ಟು ತಂದಾಗ ಒಂದು ಉಪಾಯ ಮಾಡಿತು. ಪ್ರತಿ ನಕ್ಷೆಗೂ ಎರಡು ಪ್ರತಿ. ಕತೆ ನಡೆಸುವವನ ಪ್ರತಿಯಲ್ಲಿ ಎಲ್ಲ ತುಂಬಿರುತ್ತದೆ. ಆಟಗಾರರ ಪ್ರತಿಯಲ್ಲಿ ಬಹುಪಾಲು ಖಾಲಿ ಮನೆಗಳು. ಸುತ್ತಾಡುತ್ತಾ ತಿಳಿದುಕೊಂಡದ್ದನ್ನು ಅವರೇ ಪೆನ್ಸಿಲಿನಲ್ಲಿ ತುಂಬಿಕೊಳ್ಳಬೇಕು.

1981ರಲ್ಲಿ ಆಟದ ಕಂಪನಿ ಟಿಎಸ್‌ಆರ್ ತನ್ನ ‘ಎಕ್ಸ್‌ಪರ್ಟ್’ ಪೆಟ್ಟಿಗೆಯಲ್ಲಿ ‘ದಿ ಐಲ್ ಆಫ್ ಡ್ರೆಡ್’ ಎಂಬ ಪುಸ್ತಿಕೆ ಇಟ್ಟುಕೊಟ್ಟಿತು. ಬರೆದವರು ಡೇವಿಡ್ ಕುಕ್ ಮತ್ತು ಟಾಮ್ ಮೋಲ್ಡ್‌ವೇ. ಅದರಲ್ಲೂ ಇದೇ ಪದ್ಧತಿ. ಆಟಗಾರರ ಕೈಗೆ ಸಿಗುವ ನಕ್ಷೆಯಲ್ಲಿ ದ್ವೀಪದ ಕರಾವಳಿ ಮಾತ್ರ ಕಾಣುತ್ತದೆ, ಒಳನಾಡೆಲ್ಲ ಬಿಳಿ. ಆ ಪುಸ್ತಿಕೆಯಲ್ಲಿ ಇನ್ನೊಂದು ನಕ್ಷೆಯೂ ಇತ್ತು: ದ್ವೀಪಕ್ಕೆ ಉತ್ತರದ ಒಂದು ಖಂಡ, ಮನೆಗೆ 24 ಮೈಲಿ ಅಳತೆಯಲ್ಲಿ. ಒಂದೊಂದು ರಾಜ್ಯದ ಬಗ್ಗೆ ನಾಲ್ಕಾರು ಸಾಲಿನ ಪರಿಚಯ. ಮಿಸ್ಟಾರಾ ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಹಾಗೆ. ಆಗ ಅದಕ್ಕೆ ಆ ಹೆಸರಿರಲಿಲ್ಲ. ‘ನೋನ್ ವರ್ಲ್ಡ್’, ಅಂದರೆ ತಿಳಿದ ಲೋಕ, ಎನ್ನುತ್ತಿದ್ದರು.

ಆ ಖಂಡ ಕಂಪನಿಯ ಕಚೇರಿಯಲ್ಲಿ ಹುಟ್ಟಿದ್ದಲ್ಲ. ಮೋಲ್ಡ್‌ವೇ ಮತ್ತು ಅವರ ಗೆಳೆಯ ಲಾರೆನ್ಸ್ ಶಿಕ್ 1970ರ ದಶಕದಲ್ಲಿ ಒಹಾಯೊ ರಾಜ್ಯದಲ್ಲಿದ್ದಾಗ ತಮ್ಮ ಮನೆಯಾಟಕ್ಕೆಂದು ಅದನ್ನು ಕಟ್ಟಿಕೊಂಡಿದ್ದರು. ಶಿಕ್ 2015ರಲ್ಲಿ ಬರೆದ ನೆನಪಿನ ಬರಹದಲ್ಲಿ ಈ ಹಿನ್ನೆಲೆ ಇದೆ. ಒಂದೊಂದು ರಾಜ್ಯವೂ ಇತಿಹಾಸದ ಯಾವುದೋ ಜನಾಂಗವನ್ನು ಹೋಲುವಂತೆ ಮಾಡಿದ್ದು ಬೇಕೆಂದೇ. ಒಂದು ಬೈಜಾಂಟಿಯಮ್ಮಿನಂತೆ, ಒಂದು ಅರಬರಂತೆ, ಒಂದು ಮಂಗೋಲರಂತೆ. ಆಟಗಾರನಿಗೆ ಒಂದು ಮಾತು ಹೇಳಿದರೆ ಸಾಕು, ಉಳಿದದ್ದನ್ನು ಅವನೇ ಊಹಿಸಿಕೊಳ್ಳುತ್ತಾನೆ. ಅಂದರೆ ಅಧಿಕೃತ ಎಂದು ಮುಂದೆ ಪೂಜೆಗೊಂಡ ಈ ನಾಡಿನ ಮೂಲವೇ ಇಬ್ಬರು ಹವ್ಯಾಸಿಗಳ ನಕ್ಷೆ.

ಗ್ಯಾಸೆಟಿಯರುಗಳ ಕಾಲ

ಬ್ರಿಟಿಷರ ಆಡಳಿತದಲ್ಲಿ ಗ್ಯಾಸೆಟಿಯರ್ ಎಂಬುದೊಂದು ಬರವಣಿಗೆಯ ಪ್ರಕಾರವೇ ಆಗಿತ್ತು. ಬಿ.ಎಲ್. ರೈಸ್ ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರನ್ನು 1870ರ ದಶಕದಲ್ಲಿ ಸಿದ್ಧಪಡಿಸಿದರು. ಬಾಂಬೆ ಪ್ರೆಸಿಡೆನ್ಸಿಯ ಮಾಲೆಯಲ್ಲಿ ಥಾಣೆ ಜಿಲ್ಲೆಗೆ ಹದಿಮೂರನೇ ಸಂಪುಟ ಮೀಸಲಾಯಿತು, 1882ರಲ್ಲಿ. ಹೊಳೆ, ಬೆಟ್ಟ, ಬೆಳೆ, ಜಾತಿ, ಕಂದಾಯ, ಸಂತೆ ಎಲ್ಲವನ್ನೂ ಜಿಲ್ಲೆವಾರು ಹಂಚಿ ಬರೆಯುವ ಆ ಕ್ರಮ ನೂರು ವರ್ಷದ ನಂತರ ಕಲ್ಪಿತ ನಾಡಿಗೆ ಬಳಕೆಯಾಯಿತು. ಟಿಎಸ್‌ಆರ್ 1987ರಿಂದ 1991ರವರೆಗೆ ಹದಿನಾಲ್ಕು ‘ಗ್ಯಾಸೆಟಿಯರ್’ಗಳನ್ನು ಹೊರತಂದಿತು, ರಾಜ್ಯಕ್ಕೊಂದು ಪುಸ್ತಕ, ಜೊತೆಗೆ ಮಡಿಸಿಟ್ಟ ದೊಡ್ಡ ಬಣ್ಣದ ನಕ್ಷೆ. ಮೊದಲನೆಯದು ಕರಮೈಕೋಸ್ ಎಂಬ ಸಂಸ್ಥಾನದ್ದು, ಬರೆದವರು ಏರನ್ ಆಲ್‌ಸ್ಟನ್.

ಈ ನಕ್ಷೆಗಳ ಸೊಗಸು ಅವುಗಳ ಚಿಹ್ನೆಗಳಲ್ಲಿತ್ತು. ಹಸಿರು ಮರ, ಕಂದು ಗುಡ್ಡ, ಕೋಟೆಗೊಂದು ಗುರುತು, ಹಾಳೂರಿಗೊಂದು ಗುರುತು. ಒಂದನ್ನು ಓದಲು ಕಲಿತವನು ಹದಿನಾಲ್ಕನ್ನೂ ಓದಬಲ್ಲ. ಇನ್ನೂ ದೊಡ್ಡ ಮಾತೆಂದರೆ ಯಾರು ಬೇಕಾದರೂ ಹಾಗೆ ಬರೆಯಬಲ್ಲ. ‘ವರ್ಲ್ಡ್ ಆಫ್ ಗ್ರೇಹಾಕ್’ ಎಂಬ ಇನ್ನೊಂದು ಲೋಕಕ್ಕೆ ಡಾರ್ಲೀನ್ ಎಂಬ ಕಲಾವಿದೆ 1980ರಲ್ಲಿ ಬರೆದುಕೊಟ್ಟ ನಕ್ಷೆ ಇವತ್ತಿಗೂ ಈ ವಲಯದ ಅತಿ ಸುಂದರ ಕೆಲಸಗಳಲ್ಲಿ ಒಂದು. ಅದನ್ನು ಅನುಕರಿಸಲು ಕೈಯಲ್ಲಿ ಕಲೆ ಬೇಕು. ಗ್ಯಾಸೆಟಿಯರ್ ನಕ್ಷೆಗೆ ಬೇಕಾದದ್ದು ತಾಳ್ಮೆ ಮತ್ತು ಬಣ್ಣದ ಪೆನ್ಸಿಲು. ಹೈಸ್ಕೂಲು ಹುಡುಗರು ಷಟ್ಕೋನದ ಹಾಳೆ ಇಟ್ಟುಕೊಂಡು ಪುಸ್ತಕದ ಅಂಚಿನಾಚೆಗೆ ನಾಡನ್ನು ಬೆಳೆಸತೊಡಗಿದರು.

1990ರ ಜನವರಿಯಿಂದ ‘ಡ್ರ್ಯಾಗನ್’ ಪತ್ರಿಕೆಯಲ್ಲಿ ಬ್ರೂಸ್ ಹರ್ಡ್ ‘ದಿ ವಾಯೇಜ್ ಆಫ್ ದಿ ಪ್ರಿನ್ಸೆಸ್ ಆರ್ಕ್’ ಎಂಬ ಧಾರಾವಾಹಿ ಶುರುಮಾಡಿದರು. ಹಾರುವ ಹಡಗೊಂದು ಲೋಕದ ಅಪರಿಚಿತ ಮೂಲೆಗಳಿಗೆ ಹೋಗಿಬರುತ್ತದೆ, ಜೊತೆಗೆ ಆ ಮೂಲೆಗಳ ಷಟ್ಕೋನ ನಕ್ಷೆಗಳು ಬರುತ್ತವೆ. ಅದು ಮೂರು ವರ್ಷ ನಡೆಯಿತು. ಆನ್ ಡುಪುಯಿ ಮತ್ತು ಹರ್ಡ್ ಸೇರಿ 1993ರಲ್ಲಿ ಅದನ್ನು ಬೆಳೆಸಿ ಪೆಟ್ಟಿಗೆಯಾಗಿ ತಂದಾಗ ಅದರಲ್ಲಿ ಸಿಂಧ್ ಎಂಬ ದೇಶ ವಿಸ್ತಾರವಾಗಿ ಬಂತು. ಹೆಸರು ಕೇಳಿದರೆ ಗೊತ್ತಾಗುವಂತೆ ಇದು ಭಾರತದ ಅಚ್ಚು. ಜಲಾವರ್, ನಾಗ್‌ಪುರಿ, ಪೆಷ್‌ಮೀರ್ ಎಂದೆಲ್ಲ ಅದರ ಸೀಮೆಗಳ ಹೆಸರು. ರಾಜರಿದ್ದಾರೆ, ಮರುಭೂಮಿ ಇದೆ, ಕಟ್ಟುನಿಟ್ಟಿನ ಜಾತಿಗಳಿವೆ. ಭಾರತದ ಓದುಗನಿಗೆ ಅದನ್ನು ನೋಡಿದರೆ ಸ್ವಲ್ಪ ನಗು, ಸ್ವಲ್ಪ ಇರುಸುಮುರುಸು. ತನ್ನ ಊರಿನ ಹೆಸರನ್ನು ದೂರದವರು ಅರ್ಧ ಕೇಳಿಸಿಕೊಂಡು ಬರೆದಿಟ್ಟಂತೆ ಕಾಣುತ್ತದೆ. ಹೆಸರುಗಳನ್ನು ಹೊರಗಿನವರು ಬರೆದುಕೊಂಡ ಹಾಗೆ ನಕ್ಷೆಗೆ ಏರಿಸುವುದು ನಿಜವಾದ ಗ್ಯಾಸೆಟಿಯರುಗಳಲ್ಲೂ ಕಾಣುವ ಸಂಗತಿಯೇ.

ಬಿಟ್ಟುಹೋದ ನಾಡು

ಟಿಎಸ್‌ಆರ್ ಮಿಸ್ಟಾರಾವನ್ನು 1994ರಲ್ಲಿ ತನ್ನ ಇನ್ನೊಂದು ನಿಯಮಾವಳಿಗೆ ಹೊಂದಿಸಲು ನೋಡಿತು. ಎರಡೇ ವರ್ಷದಲ್ಲಿ ಹೊಸ ಪುಸ್ತಕಗಳು ನಿಂತುಹೋದವು. ಸಾಲದಲ್ಲಿ ಮುಳುಗಿದ್ದ ಕಂಪನಿಯನ್ನೇ 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೊಂಡುಕೊಂಡಿತು. ಅದನ್ನು 1999ರಲ್ಲಿ ಹ್ಯಾಸ್‌ಬ್ರೋ ಕೊಂಡಿತು. ಮಿಸ್ಟಾರಾ ದಫ್ತರು ಸೇರಿತು.

ಆಗ ಅಭಿಮಾನಿಗಳ ಮುಂದೆ ಇದ್ದದ್ದು ಹದಿನೈದು ವರ್ಷಗಳ ಮುದ್ರಿತ ನಕ್ಷೆಗಳು, ಮತ್ತು ಅವುಗಳ ನಡುವಿನ ಜಗಳ. ಒಂದೇ ಕರಮೈಕೋಸ್, ಹಳೆಯ ‘ಎಕ್ಸ್‌ಪರ್ಟ್’ ಪುಸ್ತಕದಲ್ಲಿ ಮನೆಗೆ ಆರು ಮೈಲಿ, ಗ್ಯಾಸೆಟಿಯರಿನಲ್ಲಿ ಎಂಟು ಮೈಲಿ. ಎರಡೂ 24ಕ್ಕೆ ಭಾಗವಾಗುತ್ತವೆ ನಿಜ. ದೊಡ್ಡ ಮನೆಯೊಂದರ ನೆಲದಲ್ಲಿ ಆರು ಮೈಲಿಯವು ಹದಿನಾರು, ಎಂಟು ಮೈಲಿಯವು ಒಂಬತ್ತು ಹಿಡಿಯುತ್ತವೆ. ಆದರೆ ಒಂದರ ಗೆರೆ ಇನ್ನೊಂದರ ಗೆರೆಯ ಮೇಲೆ ಕೂರುವುದಿಲ್ಲ. ಪಕ್ಕಪಕ್ಕದ ರಾಜ್ಯಗಳ ಪುಸ್ತಕಗಳನ್ನು ಬೇರೆ ಬೇರೆ ಲೇಖಕರು ಬರೆದಿದ್ದರು, ಬೇರೆ ಬೇರೆ ಕೈಗಳು ನಕ್ಷೆ ತಯಾರಿಸಿದ್ದವು. ಹೀಗಿರುವಾಗ ಗಡಿಯ ಗುಡ್ಡ ಎರಡೂ ಹಾಳೆಯಲ್ಲಿ ಒಂದೇ ಕಡೆ ಇರಬೇಕೆಂದೇನಿಲ್ಲ.

ಇದರ ಮೇಲೆ ಕಾಲದ ತೊಡಕು. 1992ರ ‘ರ‍್ಯಾತ್ ಆಫ್ ದಿ ಇಮ್ಮಾರ್ಟಲ್ಸ್’ ಕಥೆಯಲ್ಲಿ ಅಲ್ಫೇಷಿಯಾ ಎಂಬ ಭೂಖಂಡವೇ ಸಮುದ್ರದ ಪಾಲಾಗುತ್ತದೆ. ಹಾಗಾದರೆ ನಕ್ಷೆ ಯಾವ ವರ್ಷದ್ದು? ಮುಳುಗುವ ಮೊದಲೋ, ಆಮೇಲೋ?

ಕೊನೆಯದು ಭೂಮಿ ಗುಂಡಗಿರುವ ತೊಡಕು. 1985ರ ‘ಮಾಸ್ಟರ್’ ಪೆಟ್ಟಿಗೆಯಲ್ಲಿ ಬಂದ ಲೋಕದ ಪೂರ್ಣ ನಕ್ಷೆಯಲ್ಲಿ ಖಂಡಗಳು ಜುರಾಸಿಕ್ ಕಾಲದ ಭೂಮಿಯನ್ನು ಹೋಲುತ್ತವೆ. ಆ ಗೋಳದ ಮೇಲೆ ಷಟ್ಕೋನದ ಹಾಳೆಗಳನ್ನು ಅಂಟಿಸಲು ಹೋದವರಿಗೆ ಗಣಿತ ಅಡ್ಡ ಬರುತ್ತದೆ. ಬರೀ ಷಟ್ಕೋನಗಳಿಂದ ಚೆಂಡನ್ನು ಮುಚ್ಚಲಾಗದು. ಹಳೆಯ ಕಪ್ಪು ಬಿಳುಪಿನ ಫುಟ್‌ಬಾಲಿನಲ್ಲಿ ಇಪ್ಪತ್ತು ಷಟ್ಕೋನಗಳ ನಡುವೆ ಹನ್ನೆರಡು ಪಂಚಕೋನ ಇರುವುದು ಅಂದಕ್ಕಲ್ಲ. ಮೂರು ಮೂರು ತುಂಡು ಒಂದೊಂದು ಮೂಲೆಯಲ್ಲಿ ಕೂಡುವ ಅಂಥ ಚೆಂಡಿಗೆ ಹನ್ನೆರಡು ಪಂಚಕೋನ ಬೇಕೇ ಬೇಕು. ಒಂದು ಸಂಸ್ಥಾನದ ಮಟ್ಟಿಗೆ ಭೂಮಿ ಚಪ್ಪಟೆ ಎಂದುಕೊಂಡರೆ ನಡೆಯುತ್ತದೆ. ಖಂಡಗಳ ಮಟ್ಟಕ್ಕೆ ಹೋದರೆ ಉತ್ತರದ ನಾಡುಗಳು ಹಿಂಜಿಕೊಳ್ಳುತ್ತವೆ, ದೂರಗಳು ಸುಳ್ಳಾಗುತ್ತವೆ.

ಪ್ರತಿ, ಪಾಠಾಂತರ, ಸಂಪಾದನೆ

ಈ ಗೋಜಲನ್ನು ಬಿಡಿಸಲು ಅಭಿಮಾನಿಗಳು ಕಂಡುಕೊಂಡ ಕ್ರಮ ಕನ್ನಡದ ವಿದ್ವಾಂಸರಿಗೆ ಪರಿಚಿತವಾದದ್ದು. ಓಲೆಗರಿಯ ಕಾವ್ಯವನ್ನು ಅಚ್ಚಿಗೆ ಸಿದ್ಧಪಡಿಸುವಾಗ ಸಿಕ್ಕಷ್ಟು ಪ್ರತಿಗಳನ್ನು ಕೂಡಿಹಾಕಬೇಕು. ಒಂದೊಂದರಲ್ಲಿ ಏನಿದೆಯೋ ಅದನ್ನು, ತಪ್ಪಿದ್ದರೆ ತಪ್ಪಿನ ಸಮೇತ, ಮೊದಲು ದಾಖಲಿಸಬೇಕು. ಆಮೇಲೆ ಯಾವ ಪ್ರತಿ ಯಾವುದರಿಂದ ಹುಟ್ಟಿತು ಎಂದು ನೋಡಬೇಕು. ಪಾಠಾಂತರಗಳನ್ನು ತೂಗಿ ಒಂದನ್ನು ಮೇಲಿಟ್ಟು, ಉಳಿದವನ್ನು ಕೆಳಗೆ ಟಿಪ್ಪಣಿಯಲ್ಲಿ ಉಳಿಸಬೇಕು. ಹಿಂದಿನ ಲಿಪಿಕಾರ ತಾನೇ ಸೇರಿಸಿದ್ದನ್ನು ಪ್ರಕ್ಷೇಪ ಎಂದು ಗುರುತಿಸಬೇಕು. ಡಿ.ಎಲ್. ನರಸಿಂಹಾಚಾರ್ಯರು ಕನ್ನಡಕ್ಕೆ ಶಾಸ್ತ್ರವಾಗಿ ಕಟ್ಟಿಕೊಟ್ಟ ಗ್ರಂಥಸಂಪಾದನೆಯ ದಾರಿ ಇದು.

ಥಾರ್ಫಿನ್ ಟೇಟ್ ಎಂಬ ನಕ್ಷಾಕಾರರ ‘ಅಟ್ಲಾಸ್ ಆಫ್ ಮಿಸ್ಟಾರಾ’ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆದಿದೆ. ಮೊದಲ ಹಂತದಲ್ಲಿ ಪ್ರತಿಕೃತಿ ನಕ್ಷೆ: ಮುದ್ರಿತ ಹಾಳೆಯಲ್ಲಿ ಏನಿದೆಯೋ ಅದನ್ನು ಮನೆ ಮನೆಯಾಗಿ, ಹೆಸರು ಹೆಸರಾಗಿ ಗಣಕದಲ್ಲಿ ಮತ್ತೆ ಬರೆಯುವುದು. ತಪ್ಪು ಕಂಡರೂ ಅಲ್ಲಿ ತಿದ್ದುವುದಿಲ್ಲ. ಎರಡನೇ ಹಂತದಲ್ಲಿ ಪರಿಷ್ಕೃತ ನಕ್ಷೆ: ಬೇರೆ ಪುಸ್ತಕಗಳ ಪಠ್ಯ, ಪಕ್ಕದ ನಾಡಿನ ಹಾಳೆ, ಮುಂದೆ ಬಂದ ಮಾಹಿತಿ ಎಲ್ಲವನ್ನೂ ಹೋಲಿಸಿ ಸರಿಪಡಿಸಿದ್ದು. ನಕ್ಷೆಗಳನ್ನು ಪ್ರಕಟಣೆಯ ವರ್ಷಾನುಕ್ರಮದಲ್ಲಿ ಒಂದೊಂದಾಗಿ ಕೂಡಿಸುತ್ತಾ ಹೋದರೆ ಯಾವ ಬೆಟ್ಟ ಯಾವ ವರ್ಷ ಹುಟ್ಟಿತು, ಯಾವ ಹೊಳೆ ಯಾವ ಪುಸ್ತಕದಲ್ಲಿ ದಿಕ್ಕು ಬದಲಿಸಿತು ಎಂಬುದು ತಾನಾಗಿ ಹೊರಬೀಳುತ್ತದೆ. ಅಂಥ ನಕ್ಷೆಯನ್ನು ನೋಡಿದರೆ ಒಂದು ನಾಡಿನ ಭೂಗೋಳದ ಜೊತೆಗೆ ಒಂದು ಕಂಪನಿಯ ಕೆಲಸದ ಇತಿಹಾಸವೂ ಕಾಣುತ್ತದೆ. ಅವಸರ ಎಲ್ಲಿತ್ತು, ಪಕ್ಕದವನು ಬರೆದದ್ದನ್ನು ಯಾರು ಓದಿಕೊಂಡಿದ್ದರು, ಯಾರು ಓದಿಕೊಂಡಿರಲಿಲ್ಲ ಎಂಬುದೆಲ್ಲ.

ಟೇಟ್ ಒಬ್ಬರೇ ಅಲ್ಲ. ‘ವಾಲ್ಟ್ಸ್ ಆಫ್ ಪಾಂಡಿಯಸ್’ ಎಂಬ ಹೆಸರಿನ ಅಭಿಮಾನಿ ಭಂಡಾರದಲ್ಲಿ ಹಲವು ದೇಶಗಳವರ ನಕ್ಷೆಗಳು, ವಂಶಾವಳಿಗಳು, ಕಾಲಗಣನೆಗಳು ವರ್ಷಗಳಿಂದ ಸೇರುತ್ತಾ ಬಂದಿವೆ. ಪುಸ್ತಕಗಳು ಕಾಲಿಡದ ಕಡೆ ಇವರು ತಾವೇ ಊರು ಕಟ್ಟಿದ್ದಾರೆ. ಹಾಗೆ ಕಟ್ಟಿದ್ದು ಯಾವುದು, ಮುದ್ರಿತವಾದದ್ದು ಯಾವುದು ಎಂಬ ವಿವೇಚನೆಯನ್ನು ಈ ಬಳಗ ಬಿಟ್ಟಿಲ್ಲ. ಪ್ರಕ್ಷೇಪ ತಪ್ಪಲ್ಲ, ಆದರೆ ಅದು ಮೂಲದ ವೇಷ ಹಾಕಬಾರದು.

ಇಲ್ಲದ ಊರನ್ನು ಅಳೆಯುವ ಈ ಚಪಲ ಆಟಗಾರರಿಂದ ಶುರುವಾದದ್ದೇನಲ್ಲ. ಆರ್.ಎಲ್. ಸ್ಟೀವನ್‌ಸನ್ 1881ರಲ್ಲಿ ಮೊದಲು ಒಂದು ದ್ವೀಪದ ನಕ್ಷೆ ಬರೆದು, ಅದನ್ನು ನೋಡುತ್ತಾ ‘ಟ್ರೆಶರ್ ಐಲ್ಯಾಂಡ್’ ಬರೆದರು. ಪ್ರಕಾಶಕರಿಗೆ ಕಳಿಸಿದ ಆ ನಕ್ಷೆ ಕಳೆದುಹೋಯಿತು. ಆಗ ಅವರು ತಮ್ಮದೇ ಪುಸ್ತಕವನ್ನು ಮೊದಲಿಂದ ಓದಿ, ದಿಕ್ಕು ದೂರಗಳ ಪಟ್ಟಿ ಮಾಡಿಕೊಂಡು, ಪಠ್ಯಕ್ಕೆ ಹೊಂದುವ ಹೊಸ ನಕ್ಷೆಯನ್ನು ತಂದೆಯ ಕಚೇರಿಯಲ್ಲಿ ಮಾಡಿಸಬೇಕಾಯಿತು. ಮೊದಲ ನಕ್ಷೆಯ ಬಗ್ಗೆ ಇದ್ದ ಮೋಹ ಎರಡನೆಯದರ ಮೇಲೆ ಅವರಿಗೆ ಹುಟ್ಟಲೇ ಇಲ್ಲ. ಭೂಗೋಳ ಓದಿದ್ದ ಕರೆನ್ ವಿನ್ ಫಾನ್‌ಸ್ಟಡ್ 1981ರಲ್ಲಿ ಟೋಲ್ಕಿನ್ ಲೋಕಕ್ಕೆ ಇಡೀ ಅಟ್ಲಾಸನ್ನೇ ಬರೆದರು.

ಕರ್ನಾಟಕಕ್ಕೂ ಇಂಥದ್ದೊಂದು ನಕ್ಷೆಯ ಋಣ ಇದೆ. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ 1930ರಲ್ಲಿ ಬೆಂಗಳೂರಿನಲ್ಲಿ, ಒಂದು ವಿಜಯದಶಮಿಯ ದಿನ, ರೈಲು ನಿಲ್ದಾಣವಾಗಿ ಅವರ ಮನಸ್ಸಿಗೆ ಬಂತು. 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪುಸ್ತಕವಾಯಿತು. ಸರಯೂ ನದಿ, ಮೆಂಪಿ ಬೆಟ್ಟ, ಮಾರ್ಕೆಟ್ ರಸ್ತೆ, ಕಬೀರ್ ಬೀದಿ, ಲಾಲಿ ಎಕ್ಸ್‌ಟೆನ್ಷನ್ ಎಲ್ಲ ಕಾದಂಬರಿಯಿಂದ ಕಾದಂಬರಿಗೆ ಬಂದು ಹೋಗುತ್ತವೆ. ಮಲ್ಲೇಶ್ವರ, ಬಸವನಗುಡಿ ಕೂಡಿಸಿದರೆ ಮಾಲ್ಗುಡಿ ಎಂದು ಜನ ಹೇಳಿಕೊಂಡರು. ಶಂಕರ್ ನಾಗ್ 1980ರ ದಶಕದಲ್ಲಿ ಅದನ್ನು ಆಗುಂಬೆಯಲ್ಲಿ ನಿಲ್ಲಿಸಿ ಟಿವಿಗೆ ತಂದರು. ಕತೆಗಳಲ್ಲಿ ಚದುರಿದ್ದ ವಿವರಗಳನ್ನೆಲ್ಲ ಆರಿಸಿ ಊರಿನ ನಕ್ಷೆ ಬರೆದವರು ಜೇಮ್ಸ್ ಫೆನೆಲಿ ಎಂಬ ವಿದ್ವಾಂಸರು. ಅವರ ಹಾಳೆಯಲ್ಲಿ ಷಟ್ಕೋನ ಇಲ್ಲ, ದಾಳ ಇಲ್ಲ. ಮಾಡಿದ ಕೆಲಸ ಮಾತ್ರ ಮಿಸ್ಟಾರಾದವರದೇ: ಓದುಗನಾಗಿ ಒಳಗೆ ಹೋಗಿ, ಮೋಜಣಿದಾರನಾಗಿ ಹೊರಗೆ ಬರುವುದು.

ನೆಲ ಯಾರದು?

ಇಷ್ಟು ದುಡಿಮೆಯ ಮೇಲೆ ದುಡಿದವರಿಗೆ ಹಕ್ಕಿಲ್ಲ. ಮಿಸ್ಟಾರಾ ಎಂಬ ಹೆಸರೂ ಅದರ ಮೂಲ ನಕ್ಷೆಗಳೂ ಕಂಪನಿಯ ಆಸ್ತಿ. ವಿಝರ್ಡ್ಸ್ ಆಫ್ ದಿ ಕೋಸ್ಟ್ 2017ರಲ್ಲಿ ಪ್ರಕಟಿಸಿದ ನೀತಿಯಂತೆ ಅಭಿಮಾನಿಗಳು ಪುಕ್ಕಟೆ ಹಂಚುವುದಾದರೆ ಇಂಥದ್ದನ್ನು ಮಾಡಬಹುದು. ಅದು ಕಂಪನಿ ಕೊಟ್ಟ ಅನುಮತಿ, ಬೇಕಾದಾಗ ಹಿಂದೆಗೆದುಕೊಳ್ಳಬಹುದಾದದ್ದು. ‘ಪ್ರಿನ್ಸೆಸ್ ಆರ್ಕ್’ ಬರೆದ ಬ್ರೂಸ್ ಹರ್ಡ್ ಅವರೇ ವರ್ಷಗಳ ನಂತರ ಅಲ್ಫೇಷಿಯಾ ಕುರಿತು ಪುಸ್ತಕ ಮಾಡಲು ಪರವಾನಗಿ ಕೇಳಿದರು. ಸಿಗಲಿಲ್ಲ. ತಾನು ಬೆಳೆಸಿದ ನಾಡಿಗೆ ಹೋಗಲು ದಾರಿಯಿಲ್ಲದೆ ಅವರು ಕ್ಯಾಲಿಡಾರ್ ಎಂಬ ಹೊಸ ಲೋಕವನ್ನೇ ಕಟ್ಟಿದರು. ಅದರ ಮೊದಲ ಪುಸ್ತಕ 2014ರಲ್ಲಿ ಬಂತು. ನಕ್ಷೆ ಬರೆದವರು ಥಾರ್ಫಿನ್ ಟೇಟ್. ಅಭಿಮಾನಿಯಾಗಿ ಕಲಿತ ಕಸುಬು ಅವರನ್ನು ಆ ಲೋಕದ ಅಧಿಕೃತ ನಕ್ಷಾಕಾರನನ್ನಾಗಿ ಮಾಡಿತು.

2023ರ ಜನವರಿಯಲ್ಲಿ ಕಂಪನಿ ತನ್ನ ಮುಕ್ತ ಪರವಾನಗಿಯನ್ನು ಬಿಗಿಗೊಳಿಸಲಿದೆ ಎಂಬ ಕರಡು ಸೋರಿಹೋಗಿ ಆಟಗಾರರ ವಲಯದಲ್ಲಿ ದೊಡ್ಡ ಗದ್ದಲವಾಯಿತು. ಅದೇ ತಿಂಗಳ 27ರಂದು ಕಂಪನಿ ಹಿಂದೆ ಸರಿದು, ಆಟದ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಿಟ್ಟುಕೊಟ್ಟಿತು. ಬಿಡುಗಡೆಯಾದದ್ದು ನಿಯಮ. ನಾಡುಗಳು ಅದರಲ್ಲಿ ಸೇರಲಿಲ್ಲ.

ಕಾಗೋಡಿನ ರೈತರು ಸತ್ಯಾಗ್ರಹ ಮಾಡಿದ್ದು 1951ರಲ್ಲಿ. ಗೇಣಿದಾರನಿಗೇ ಭೂಮಿ ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1974ರಲ್ಲಿ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಚ್ಚಾದ ವರ್ಷವೇ. ಉಳುವವನೇ ಒಡೆಯ ಎಂಬ ಮಾತು ಕಲ್ಪಿತ ಹೊಲಕ್ಕೆ ಅನ್ವಯಿಸುವುದಿಲ್ಲ. ಹೊಟ್ಟೆಪಾಡಿನ ಹೊಲಕ್ಕೂ ಆಟದ ನಾಡಿಗೂ ಹೋಲಿಕೆ ಅಷ್ಟಾಗಿ ಸಲ್ಲದು, ನಿಜ. ಆದರೂ ಒಂದು ಮಾತು ಉಳಿಯುತ್ತದೆ. ಮೋಲ್ಡ್‌ವೇ 2007ರಲ್ಲಿ ತೀರಿಕೊಂಡರು, ಆಲ್‌ಸ್ಟನ್ 2014ರಲ್ಲಿ. ಈ ಹೊಳೆ ಇಲ್ಲೇಕೆ ತಿರುಗಿತು ಎಂದು ಅವರನ್ನು ಕೇಳಲು ಈಗ ಆಗುವುದಿಲ್ಲ. ಕಾಗದ ಹಳದಿಯಾಗುತ್ತಿದೆ, ಮಡಿಕೆಯಲ್ಲಿ ಹರಿಯುತ್ತಿದೆ. ಆ ಹಾಳೆಗಳಲ್ಲಿ ಏನಿತ್ತು, ಎಲ್ಲಿ ತಪ್ಪಿತ್ತು, ತಪ್ಪನ್ನು ಯಾವ ಆಧಾರದ ಮೇಲೆ ತಿದ್ದಲಾಯಿತು ಎಂದು ಮನೆ ಮನೆ ಎಣಿಸಿ ಬರೆದಿಟ್ಟವರು ಒಡೆಯರಲ್ಲ, ಆಡಿದವರು.

24 ಮೈಲಿಯ ಮನೆಯಲ್ಲಿ ಕಳವಾ ಕಾಣುವುದಿಲ್ಲ. ಅಲ್ಲಿ ಒಂದು ದೊಡ್ಡ ಪೇಟೆಯ ಗುರುತು ಬೀಳುತ್ತದೆ, ಅಷ್ಟೇ. ಆರು ಮೈಲಿಗೆ ಇಳಿದರೂ ಥಾಣೆಯ ಹೆಸರೇ ಮೇಲೆ ನಿಲ್ಲುತ್ತದೆ. ಮನೆಯ ಅಗಲವನ್ನು ಒಂದು ಮೈಲಿಗೆ ಇಳಿಸಿದರೆ ಖಾಡಿ ಬೇರೆ ಮನೆ, ಕಾಂಡ್ಲಾ ಬೇರೆ ಮನೆ, ಗುಡ್ಡ ಬೇರೆ ಮನೆ. ಆಗ ಸೇತುವೆಯ ಈಚೆ ಕಳವಾಕ್ಕೂ ತನ್ನದೊಂದು ಮನೆ ಸಿಗುತ್ತದೆ. ಹಾಗೆ ಇಳಿಸಿ ಬರೆಯಲು ದೊಡ್ಡ ನಕ್ಷೆ ಮಾಡುವವರಿಗೆ ಪುರುಸೊತ್ತು ಇರುವುದಿಲ್ಲ. ಅದು ಆ ಊರಿನಲ್ಲಿ ಓಡಾಡಿದವರ ಕೆಲಸ. ಮಿಸ್ಟಾರಾದಲ್ಲಿ ಓಡಾಡಿದವರು ಅದನ್ನು ಮಾಡುತ್ತಾ ಬಂದಿದ್ದಾರೆ. ಇನ್ನೂ ಮುಗಿದಿಲ್ಲ.